ಮಳೆಗಾಲದಲ್ಲಿ ಗ್ರಾಮಾರೋಗ್ಯ ಸಂರಕ್ಷಣೆ
(ರೈತರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಆರಿದ್ರಾ ಮಳೆಯು ಹಿಡಿದು, ಪುನರ್ವಸು ಪುಷ್ಯಗಳಲ್ಲಿ ಗದ್ದೆಯ ನಾಟಿಯು ನಡೆಯುವ ಕಾಲವು ರೈತನಿಗೆ ವರ್ಷದಲ್ಲೆಲ್ಲಾ ಅಮೂಲ್ಯವಾದುದು. ಆ ನಾಲ್ಕಾರು ವಾರಗಳಲ್ಲಿ ತಪ್ಪಿದ ಕೆಲಸವನ್ನು ಅನಂತರ ಎಷ್ಟು ಕೂಲಿಯನ್ನು ಕೊಟ್ಟರೂ ಸರಿಪಡಿಸುವುದು ಸಾಧ್ಯವಲ್ಲ. ಜ್ವರ, ಆಮಶಂಕೆ, ವಾಂತಿಭೇದಿಗಳು ಗ್ರಾಮಗಳಲ್ಲಿ ತಲೆಯೆತ್ತುವುದೂ ಈ ವಾರಗಳಲ್ಲಿಯೇ. ದುಡಿಯುವವನೊಬ್ಬನು ಹದಿನೈದು ದಿವಸ ಹಾಸಿಗೆ ಹಿಡಿದರೆ ಅವನ ಶುಶ್ರೂಷೆಗೆ ನಿಂತವರ ಕೆಲಸವೂ ನಿಲ್ಲುವುದು. ಸಸಿಯು ಮಡಿಯಲ್ಲಿಯೇ ಬಲಿಯುವುದು. ಔಷಧಕ್ಕಾಗಿ ಮಾಡಿದ ಸಾಲವು ಸುಗ್ಗಿಯವರೆಗೂ ಬೆಳೆಯುವುದು. ಆದುದರಿಂದ ಮಳೆಗಾಲದ ಆರೋಗ್ಯವು ವೈದ್ಯರಿಗೆ ಮಾತ್ರ ಸೇರಿದ ವಿಷಯವಲ್ಲ; ಅದು ಬೇಸಾಯದ ಒಂದು ಅಂಗವೇ ಆಗಿದೆ.

ಮಳೆಯಲ್ಲಿ ನೆನೆಯುವುದರಿಂದಲೂ ಥಂಡಿ ಗಾಳಿಯಿಂದಲೂ ಈ ರೋಗಗಳು ಬರುವುವೆಂದು ಅನೇಕರು ನಂಬಿರುತ್ತಾರೆ. ವಿಚಾರಮಾಡಿ ನೋಡಿದಲ್ಲಿ, ಇವುಗಳಲ್ಲಿ ಬಹುಭಾಗವು ಮಳೆಯಿಂದಲ್ಲ, ಮಳೆಯ ನೀರನ್ನು ಅದರ ಪಾಡಿಗೆ ಬಿಟ್ಟುದರಿಂದ ಬರುವುವೆಂದು ತಿಳಿಯುವುದು. ಗದ್ದೆಯಲ್ಲಿ ನೀರನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹರಿಯಬಿಡಬೇಕು ಎಂಬುದನ್ನು ರೈತನು ಚೆನ್ನಾಗಿ ಬಲ್ಲನು. ಅದೇ ವಿವೇಕವನ್ನು ಕುಡಿಯುವ ನೀರು, ನಿಂತ ನೀರು, ಕೆಲಸಮಾಡುವ ನೀರು ಎಂಬ ಮೂರರಲ್ಲಿಯೂ ಉಪಯೋಗಿಸತಕ್ಕದ್ದು.

1. ಕುಡಿಯುವ ನೀರು

1854ನೆಯ ಇಸವಿಯಲ್ಲಿ ಲಂಡನ್ ನಗರದ ಒಂದು ಬೀದಿಯಲ್ಲಿ ಕಾಲರಾ ಜಾಡ್ಯವು ಹಬ್ಬಿದಾಗ, ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ವಿಚಾರಿಸಿ, ಅವರಲ್ಲಿ ಬಹು ಮಂದಿ ಒಂದೇ ಪಂಪಿನ ನೀರನ್ನು ಕುಡಿದವರೆಂದು ತೋರಿಸಿದನು. ನಮ್ಮ ಗ್ರಾಮಗಳಲ್ಲಿ ಬಾವಿಯು ಕೆಡುವುದಕ್ಕೆ ಒಂದು ಮುಖ್ಯ ಕಾರಣವು ಮೇಲುಗಡೆಯಲ್ಲಿರುವ ತಿಪ್ಪೆ. ಜೋರಾಗಿ ಬಿದ್ದ ಮಳೆಯು ತಿಪ್ಪೆಯ ಸಾರವನ್ನು ತೊಳೆದುಕೊಂಡು ಹೋಗುವುದು. ಪೈರಿಗೆ ಸೇರಬೇಕಾದ ಸಾರಜನಕವೂ ಪೊಟ್ಯಾಷೂ ಹೀಗೆ ನಷ್ಟವಾಗುವುವು. ಅದರೊಂದಿಗೆ ಹೊಲಸು ಬಾವಿಗೆ ಇಳಿಯುವುದು. ಒಂದೇ ಮಳೆಯಿಂದ ಹೊಲಕ್ಕೂ ಮನೆಗೂ ಎರಡು ನಷ್ಟಗಳು. ಆದುದರಿಂದ ಗೊಬ್ಬರದ ಗುಂಡಿಯು ಬಾವಿಯಿಂದ 15 ಮೀಟರುಗಳಿಗಿಂತ ದೂರದಲ್ಲಿ, ಇಳಿಜಾರಿನ ಕೆಳಗಡೆಯಲ್ಲಿ ಇರಬೇಕು. ಸುತ್ತಲೂ ಏರಿಯನ್ನು ಹಾಕಿ, ಮೇಲೆ ಚಪ್ಪರವನ್ನು ಕಟ್ಟಿದರೆ ಗೊಬ್ಬರವೂ ಉಳಿಯುವುದು, ನೀರೂ ಉಳಿಯುವುದು. ಬಾವಿಗೆ ಎತ್ತರವಾದ ಕಟ್ಟೆಯೂ, ಸುತ್ತಲೂ ಹೊರಕ್ಕೆ ಇಳಿಜಾರಾದ ಗಚ್ಚೂ ಅವಶ್ಯವು.

ಬಾವಿಯ ನೀರನ್ನು ಶುದ್ಧಿಮಾಡಲು ಬ್ಲೀಚಿಂಗ್ ಪುಡಿಯು ಸುಲಭವಾದ ಸಾಧನವಾಗಿದೆ. 1,000 ಲೀಟರ್ ನೀರಿಗೆ ಒಳ್ಳೆಯ ಪುಡಿಯು ಸುಮಾರು ಎರಡೂವರೆ ಗ್ರಾಮ್ ಬೇಕು. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ಆಳ ನೀರಿದ್ದರೆ ಅದು ಸುಮಾರು 12,500 ಲೀಟರ್ ಆಗುವುದು. ಅದಕ್ಕೆ 31 ಅಥವಾ 32 ಗ್ರಾಮ್ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣವು ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಹಾಕಿ, ಬಿಂದಿಗೆಯನ್ನು ಹಲವು ಸಲ ಇಳಿಸಿ ಎತ್ತಿ ನೀರನ್ನು ಕದಡಬೇಕು. ಒಂದು ಘಂಟೆಯಾದರೂ ಕಳೆಯದೆ ನೀರು ಸೇದಕೂಡದು; ರಾತ್ರಿ ಹಾಕುವುದು ಉತ್ತಮ. ನೀರು ಬಗ್ಗಡವಾಗಿದ್ದಲ್ಲಿ ಪುಡಿಯು ಹೆಚ್ಚು ಬೇಕಾಗುವುದರಿಂದ ಆರೋಗ್ಯ ಇಲಾಖೆಯವರಿಂದ ಪರೀಕ್ಷೆ ಮಾಡಿಸತಕ್ಕದ್ದು. ಗಾಳಿ ತಗುಲಿದ ಪುಡಿಯು ಶಕ್ತಿಯನ್ನು ಕಳೆದುಕೊಳ್ಳುವುದು. ಇದಾವುದೂ ಒದಗದಿದ್ದಲ್ಲಿ ನೀರನ್ನು ಚೆನ್ನಾಗಿ ಕುದಿಸಿ ಮುಚ್ಚಿಡುವುದೇ ಉಪಾಯ.

ಭೇದಿಯಿಂದ ಪ್ರಾಣಹೋಗುವುದು ಬಹುಮಟ್ಟಿಗೆ ದೇಹದ ನೀರೂ ಉಪ್ಪೂ ಬರಿದಾಗುವುದರಿಂದ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾಕ್ಟರ್ ದಿಲೀಪ್ ಮಹಲನೋಬಿಸರು ಉಪ್ಪು ಸಕ್ಕರೆಗಳ ನೀರನ್ನು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಔಷಧದಂಗಡಿಯ ಪೊಟ್ಟಣವು ಸಿಕ್ಕದಿದ್ದಲ್ಲಿ, ಕುದಿಸಿ ಆರಿದ 1 ಲೀಟರ್ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆಯನ್ನೂ ಅರ್ಧ ಚಹಾ ಚಮಚ ಉಪ್ಪನ್ನೂ ಬೆರೆಸಿ, ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಭೇದಿಯಾಗುವ ಮಗುವಿಗೆ ನೀರನ್ನೂ ಮೊಲೆಹಾಲನ್ನೂ ನಿಲ್ಲಿಸುವ ವಾಡಿಕೆಯು ಪ್ರಾಣಾಪಾಯಕರವಾದುದು. ಮಗುವು ಜಡವಾಗಿ ಕಣ್ಣು ಗುಳಿಬಿದ್ದರೆ, ಕುಡಿಯಲಾರದಿದ್ದರೆ, ಇಲ್ಲವೇ ಭೇದಿಯಲ್ಲಿ ರಕ್ತ ಕಂಡರೆ, ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು.

2. ನಿಂತ ನೀರು

ಚಳಿಜ್ವರವನ್ನು ತರುವುದು ಸೊಳ್ಳೆಯೆಂಬುದಕ್ಕೆ ಮುಖ್ಯವಾದ ಸಾಕ್ಷ್ಯವು ರೊನಾಲ್ಡ್ ರಾಸ್ ಎಂಬುವರಿಗೆ 1897ನೆಯ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ದೊರೆಯಿತು. ಸೊಳ್ಳೆಯ ಮೊಟ್ಟೆಯು ರೆಕ್ಕೆ ಬಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿವಸ ಬೇಕು. ಆದುದರಿಂದ ವಾರಕ್ಕೆ ಒಂದು ದಿವಸವನ್ನು ಗೊತ್ತುಮಾಡಿ, ತೊಟ್ಟಿ, ಹಂಡೆ, ಒಡೆದ ಮಡಕೆ, ತೆಂಗಿನ ಚಿಪ್ಪು, ಹಳೆಯ ಟೈರುಗಳ ನೀರನ್ನು ಚೆಲ್ಲಿಬಿಟ್ಟರೆ ಆ ಸಂತಾನವು ಅಲ್ಲಿಗೇ ನಿಲ್ಲುವುದು. ಡೆಂಗ್ಯೂ ಜ್ವರದ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದು. ಅದರ ಮೊಟ್ಟೆಗಳು ಪಾತ್ರೆಯ ಬದಿಗೆ ಅಂಟಿಕೊಂಡು ಒಣಗಿದರೂ ಬದುಕಿರುವುದರಿಂದ, ಪಾತ್ರೆಯನ್ನು ಉಜ್ಜಿ ತೊಳೆಯುವುದೂ ಅವಶ್ಯವಾಗಿದೆ.

3. ಕೆಲಸಮಾಡುವ ನೀರು

ಮಲೆನಾಡು ಕರಾವಳಿಗಳಲ್ಲಿ ನಾಟಿಮಾಡುವವರಿಗೆ ಬರುವ ಇಲಿಜ್ವರವು ಅನೇಕರಿಗೆ ತಿಳಿಯದ ಶತ್ರುವಾಗಿದೆ. ಇದರ ಕ್ರಿಮಿಯನ್ನು ಜಪಾನಿನ ಇನಾಡ ಮತ್ತು ಇಡೊ ಎಂಬ ವೈದ್ಯರು 1915ರಲ್ಲಿ ಕಂಡುಹಿಡಿದರು. ಇಲಿಯ ಮೂತ್ರದಿಂದ ಗದ್ದೆಯ ನೀರಿಗೆ ಸೇರಿದ ಈ ಕ್ರಿಮಿಯು ಕಾಲಿನ ಗಾಯಗಳ ಮೂಲಕ ಒಳಹೊಗುವುದು. ಜ್ವರ, ಮೀನಖಂಡದ ತೀವ್ರವಾದ ನೋವು, ಕೆಂಪಾದ ಕಣ್ಣು, ಕೆಲವರಿಗೆ ಕಾಮಾಲೆ, ಇವೇ ಲಕ್ಷಣಗಳು. ಮೊದಲ ದಿವಸಗಳಲ್ಲಿ ಚಿಕಿತ್ಸೆಯು ಸುಲಭ. ತಡವಾದರೆ ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೆ ಅಪಾಯ. ರೋಗಿಯು ಗದ್ದೆಯಲ್ಲಿ ಕೆಲಸಮಾಡಿದವನೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಗಾಯವನ್ನು ನೀರು ಸೋಕದಂತೆ ಕಟ್ಟುವುದು, ಸಾಧ್ಯವಾದಲ್ಲಿ ರಬ್ಬರ್ ಬೂಟುಗಳನ್ನು ಧರಿಸುವುದು, ಕೆಲಸ ಬಿಟ್ಟೊಡನೆ ಶುದ್ಧವಾದ ನೀರಿನಿಂದ ಸೋಪು ಹಚ್ಚಿ ಕಾಲು ತೊಳೆಯುವುದು ರಕ್ಷಣೆಯ ಕ್ರಮಗಳು. ಬದುಗಳನ್ನು ಕಿರಿದಾಗಿಯೂ ಹುಲ್ಲಿಲ್ಲದೆಯೂ ಇಟ್ಟಲ್ಲಿ ಇಲಿಗೆ ಬಿಲವಿರದು. ಒಬ್ಬನ ಗದ್ದೆಯಿಂದ ಓಡಿಸಿದ ಇಲಿಯು ನೆರೆಯವನ ಗದ್ದೆಯನ್ನು ಸೇರುವುದರಿಂದ, ಇಡೀ ಬಯಲಿನವರು ಒಟ್ಟಾಗಿ ಒಂದೇ ಕಾಲದಲ್ಲಿ ಈ ಕೆಲಸವನ್ನು ಮಾಡಬೇಕು.

ಜಮೀನುದಾರರು ಮತ್ತೊಂದು ವಿಷಯವನ್ನು ಗಮನಿಸತಕ್ಕದ್ದು. ನಾಟಿಗೆ ಬಂದ ಕೂಲಿಯಾಳುಗಳು ಬಾಯಾರಿದಾಗ ಕಾಲುವೆಯ ನೀರನ್ನೇ ಬೊಗಸೆಯಲ್ಲಿ ಕುಡಿಯುವುದುಂಟು. ಕೆಲಸಕ್ಕೆ ಕರೆದವನೇ ಕುದಿಸಿದ ನೀರಿನ ಕೊಡವನ್ನು ಗದ್ದೆಗೆ ಕಳುಹಿಸುವುದು ನ್ಯಾಯ; ಅದರ ಖರ್ಚು ಒಂದೆರಡು ಸೌದೆ ಮಾತ್ರ. ಜ್ವರ ಬಂದವನನ್ನು ಕೂಲಿಯ ಆಶೆ ತೋರಿಸಿ ನೀರಿಗಿಳಿಸುವುದು ಇಬ್ಬರಿಗೂ ನಷ್ಟಕರ.

ಗ್ರಾಮದ ಮುಖಂಡರು ರೋಹಿಣಿ ಮಳೆಯೊಳಗಾಗಿ ಬಾವಿಯ ಕಟ್ಟೆ, ಚರಂಡಿ, ತಿಪ್ಪೆಗಳನ್ನು ಸ್ವತಃ ನೋಡಿ, ಕೊರತೆಯಿದ್ದಲ್ಲಿ ಪಂಚಾಯತಿಯ ಮೂಲಕ ಸರಿಪಡಿಸಿದರೆ, ಪುನರ್ವಸುವಿನಲ್ಲಿ ನಾಟಿಗೆ ಆಳುಗಳು ಸಿಕ್ಕುವರು. ಬೀಜವನ್ನು ಮೊದಲೇ ಆರಿಸಿಡುವ ರೈತನಿಗೆ ಈ ಮುಂದಾಲೋಚನೆಯು ಹೊಸದಲ್ಲ.