ಮರ ಹತ್ತುವವರ ಗಂಟು: ಯಾವ ಹಗ್ಗಕ್ಕೆ ಯಾವುದು?

ಅಡಿಕೆ ಮರ ಹತ್ತೋ ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಕಾಂಡವನ್ನೇ ತಬ್ಬಿ ಮೇಲೇರುತ್ತಾನೆ. ಆದರೆ ತೋಳಿಗೆ ಸಿಗದಷ್ಟು ದಪ್ಪದ ಮಳೆಮರದ ಒಣಕೊಂಬೆ ತೆಗೀಬೇಕು ಅಂದ್ರೆ ಆ ವಿದ್ಯೆ ಸಾಲಲ್ಲ. ಅಲ್ಲಿ ಹಗ್ಗ ಬೇಕು. ಆ ಹಗ್ಗದ ಮೇಲೆ ಸರಿಯುವ, ಭಾರ ಬಿದ್ದ ಕೂಡಲೇ ಕಚ್ಚಿ ಹಿಡಿಯುವ ಗಂಟೂ ಬೇಕು.

ಇಂಥ ಗಂಟುಗಳಲ್ಲಿ ಹೆಸರಾದದ್ದು ಪ್ರುಸಿಕ್. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಕಟಿಸಿದ್ದು. ಹಿಡಿತ ಗಟ್ಟಿ, ಆದ್ರೆ ಒಮ್ಮೆ ಬಿಗಿದರೆ ಸಡಿಲಿಸೋದು ರಗಳೆ.

ಗಂಟು ಆರಿಸೋ ಮುಂಚೆ ಕೇಳಿಕೊಳ್ಳಬೇಕಾದ್ದು: ಜೋಡಿ ಹಗ್ಗವೋ, ಒಂಟಿ ಹಗ್ಗವೋ? ಕೊಂಬೆಯ ಮೇಲಿಂದ ಹಾಯಿಸಿ ಎರಡೂ ಬದಿ ನಮ್ಮ ಸೊಂಟಪಟ್ಟಿಗೇ ಬಂದರೆ, ಗಂಟಿನ ಮೇಲೆ ಹೆಚ್ಚುಕಡಿಮೆ ಅರ್ಧ ಭಾರ. ಒಂದು ತುದಿಯನ್ನು ಮರಕ್ಕೆ ಕಟ್ಟಿ ಇನ್ನೊಂದರಲ್ಲಿ ಹತ್ತಿದರೆ ಪೂರ್ತಿ ಭಾರ ಗಂಟಿಗೇ.

ಜೋಡಿ ಹಗ್ಗಕ್ಕೆ ಬ್ಲೇಕ್ಸ್ ಹಿಚ್ ಸಾಕು. ಕಲಿಯೋರಿಗೆ ನಾನು ಮೊದಲು ಹೇಳೋದು ಇದನ್ನೇ. ಖರ್ಚಿಲ್ಲ, ಹಿಡಿತ ನಂಬಿಕಸ್ಥ. ಬಾಲದಲ್ಲಿ ತಡೆಗಂಟು ಮಾತ್ರ ಮರೆಯೋ ಹಾಗಿಲ್ಲ. ಇದರ ತೊಂದರೆ ಶಾಖ. ಇಳಿಯುವಾಗ ಹಗ್ಗ ಸಾಗ್ತಾ ಇರುತ್ತೆ, ಗಂಟು ಇದ್ದಲ್ಲೇ ಇರುತ್ತೆ. ಹಾಗಾಗಿ ಬಿಸಿಯೆಲ್ಲ ಗಂಟಿನ ಅದೇ ಜಾಗಕ್ಕೆ. ಅಲ್ಲಿ ನೂಲು ಕರಗಿ ಗಾಜಿನ ಹಾಗೆ ಹೊಳೆಯೋಕೆ ಶುರುವಾದ್ರೆ ಆ ತುಂಡು ಮುಗೀತು. ಅದಕ್ಕೇ ಗಂಟಿಗೆ ಪ್ರತ್ಯೇಕ ತುಂಡುಹಗ್ಗ ಬಳಸೋದು ಜಾಣತನ.

ವಿ.ಟಿ. ಅಂತ ಕರೆಯೋ ವಾಲ್ಡೋಟೇನ್ ಗಂಟಿಗೆ ಎರಡೂ ತುದಿಯಲ್ಲಿ ಕಣ್ಣಿರುವ, ಶಾಖ ತಡೆಯೋ ಅರಾಮಿಡ್ ಹೊದಿಕೆಯ ಹುರಿ ಬೇಕು. ಕೆಳಗೊಂದು ಸಣ್ಣ ರಾಟೆ ಹಾಕಿದರೆ ಹಗ್ಗ ಎಳೆದಾಗ ಗಂಟು ತಾನೇ ಮೇಲಕ್ಕೆ ಸರಿಯುತ್ತೆ. ಬೆಣ್ಣೆಯಂಥ ಇಳಿತ! ಆದ್ರೆ ಸುತ್ತು ಸಡಿಲ ಬಿಟ್ಟರೆ ಕಚ್ಚದೆಯೂ ಇರಬಹುದು. ಅಭ್ಯಾಸ ಕಡಿಮೆ ಇದ್ದವರಿಗೆ ಡಿಸ್ಟೆಲ್ ವಾಸಿ.

ಒಂಟಿ ಹಗ್ಗದಲ್ಲಿ ಬರೀ ಗಂಟು ನಂಬಿ ಇಳಿಯೋದು ಬೇಡ, ದಯವಿಟ್ಟು. ಪೂರ್ತಿ ಭಾರಕ್ಕೆ ಅದು ಬಿಗಿದು ಕೂರುತ್ತೆ. ಬಲವಂತವಾಗಿ ಬಿಡಿಸಿದ್ರೆ ಒಮ್ಮೆಲೇ ಜಾರುತ್ತೆ. ಗಂಟಿನ ಮೇಲೆ ರೋಪ್ ರೆಂಚ್ ಕೂರಿಸಿದರೆ, ಅದು ಹಗ್ಗವನ್ನು ಬಾಗಿಸಿ ಭಾರದ ಒಂದು ಪಾಲನ್ನು ತಾನು ಹೊರುತ್ತೆ, ಗಂಟು ಮತ್ತೆ ಮೆತ್ತಗೆ ಬಿಡುತ್ತೆ. ಪೆಟ್ಜಲ್‌ನ ಜಿಗ್‌ಜ್ಯಾಗ್ ಗಂಟಿನ ಕೆಲಸವನ್ನೇ ಲೋಹದ ಕೊಂಡಿಗಳಲ್ಲಿ ಮಾಡುತ್ತೆ. ಒಂಟಿ ಹಗ್ಗಕ್ಕಾದರೆ ಅದಕ್ಕೂ ಚಿಕೇನ್ ಅನ್ನೋ ಜೊತೆಗಾರ ಬೇಕು. ದುಬಾರಿ ಸಾಮಾನು ಕೊಂಡೆ, ಇನ್ನು ಭಯವಿಲ್ಲ ಅನ್ನೋರು ಈ ಮಾತು ಕೇಳಿಸಿಕೊಳ್ಳಲ್ಲ. ಹಗ್ಗದ ದಪ್ಪವೂ ಉಪಕರಣಕ್ಕೆ ಹೇಳಿದಷ್ಟೇ ಇರಬೇಕು.

ಮಳೆಗೆ ನೆಂದ ಹಗ್ಗದ ಮೇಲೆ ಅದೇ ಗಂಟು ಬೇರೆ ಥರ ವರ್ತಿಸುತ್ತೆ. ಹಾಗಾಗಿ ಪ್ರತಿ ಬೆಳಿಗ್ಗೆ, ನೆಲದಿಂದ ಒಂದಡಿ ಮೇಲೆ, ಪೂರ್ತಿ ಭಾರ ಬಿಟ್ಟು ಜೋತು ನೋಡಿ. ಮೇಲೆ ಗರಗಸ ಕೈಗೆತ್ತಿಕೊಳ್ಳೋ ಮುಂಚೆ ಸೊಂಟದಿಂದ ಎರಡನೇ ಆಸರೆಯನ್ನೂ ಮರಕ್ಕೆ ಹಾಕಿಕೊಳ್ಳಿ.

ಹಗ್ಗ ಹಾಯಿಸೋ ಕೊಂಬೆಯನ್ನ ನೆಲದಿಂದಲೇ ಪರೀಕ್ಷಿಸೋದು ಹೇಗೆ ಅನ್ನೋದನ್ನ ಮುಂದಿನ ಸಂಚಿಕೆಯಲ್ಲಿ ನೋಡೋಣ.