ಮನೆತನದ ಚರಿತ್ರೆಯನ್ನು ಶೋಧಿಸುವ ಬಗೆ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಶ್ರೀ ಗುರುಬಸವಲಿಂಗಾಯ ನಮಃ



ತನ್ನ ಅಜ್ಜನ ಹೆಸರನ್ನು ಅರಿಯದವನು ವಿರಳ. ಅಜ್ಜನ ಅಜ್ಜನು ಯಾರು, ಯಾವ ಊರಿನಿಂದ ಬಂದನು, ಯಾವ ಕಾಯಕದಿಂದ ಮನೆಯನ್ನು ನಡೆಯಿಸಿದನು ಎಂದು ಕೇಳಿದರೆ ಮಾತ್ರ ಬಹುಮಂದಿ ಮೌನವನ್ನು ತಾಳುವರು. ಆ ಮೌನವನ್ನು ಕಳೆಯುವ ಉಪಾಯವೇನೆಂಬುದೇ ಈ ಉಪನ್ಯಾಸದ ವಿಷಯವು.

ಆದರೆ ಮೊದಲಿಗೇ ಒಂದು ಆಕ್ಷೇಪವು ಏಳುವುದು ಸಹಜ. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಕುಲವನ್ನು ಎಣಿಕೆಗೆ ತರಲಿಲ್ಲ. ಲಿಂಗವು ಅಂಗದ ಮೇಲೆ ಬಂದ ಬಳಿಕ ಪೂರ್ವಾಶ್ರಯವನ್ನು ಕೇಳಬಾರದೆಂದು ಸಾರಿದರು. ಹಾಗಿರಲು ಲಿಂಗವಂತನಿಗೆ ವಂಶಾವಳಿಯ ಗೊಡವೆ ಏಕೆ? ಪ್ರಶ್ನೆಯು ಯುಕ್ತವಾದುದೇ. ಮತ್ತೊಬ್ಬನನ್ನು ಮೇಲು ಕೀಳೆಂದು ಅಳೆಯುವುದಕ್ಕಾಗಿ ಅವನ ಕುಲವನ್ನು ಕೇಳುವುದು ಒಂದು. ತನ್ನನ್ನು ಸಾಕಿದ ಮನೆಯ ಋಣವನ್ನು ಅರಿಯುವುದಕ್ಕಾಗಿ ತನ್ನ ಹಿರಿಯರನ್ನು ಅರಸುವುದು ಬೇರೊಂದು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದ ಶರಣರ ಹೆಸರುಗಳಲ್ಲಿ ಅವರ ನೆಲೆಯೂ ಕಾಯಕವೂ ಇಂದಿಗೂ ಮೊದಲ ಸ್ಥಾನದಲ್ಲಿಯೇ ನಿಂತಿವೆ. ಅವರ ಭಕ್ತರು ಅದನ್ನು ಮರೆಮಾಚಲಿಲ್ಲ. ಈಚಿನವರಾದರೋ ಕೈಗೆ ನಾಲ್ಕು ಕಾಸು ಬಂದೊಡನೆ ಗಾಣದ ಅಜ್ಜನನ್ನೂ ಮಗ್ಗದ ಅಜ್ಜನನ್ನೂ ವಂಶಾವಳಿಯಿಂದ ಅಳಿಸಿ, ಆ ಸ್ಥಾನದಲ್ಲಿ ಯಾವನೋ ಪಾಳೆಯಗಾರನನ್ನು ತಂದು ಕೂಡಿಸುವರು. ಇಂತಹ ವಂಶಾವಳಿಯು ಹಿರಿಯರಿಗೆ ಮಾಡಿದ ಗೌರವವಲ್ಲ. ಅವರನ್ನು ಮನೆಯಿಂದ ಹೊರಗೆ ಹಾಕಿದಂತೆ.

ಶೋಧನೆಯು ತನ್ನಿಂದ ಮೊದಲಾಗಿ ಹಿಂದಕ್ಕೆ ಹೋಗತಕ್ಕದ್ದು. ಪ್ರಸಿದ್ಧನಾದ ಪೂರ್ವಜನೊಬ್ಬನನ್ನು ಆರಿಸಿಕೊಂಡು ಅವನಿಂದ ಕೆಳಕ್ಕೆ ಇಳಿಯತಕ್ಕದ್ದಲ್ಲ. ತಾನು, ತಂದೆತಾಯಿ, ಅಜ್ಜ ಅಜ್ಜಿ ಎಂದು ಒಂದೊಂದೇ ಕೊಂಡಿಯನ್ನು ಬಿಗಿಮಾಡುತ್ತ ಹೋಗಬೇಕು. ಸರಪಳಿಯು ಎಷ್ಟು ಉದ್ದವೆಂಬುದು ಮುಖ್ಯವಲ್ಲ. ಪ್ರತಿಯೊಂದು ಕೊಂಡಿಗೂ, ಒಂದನ್ನೊಂದು ನೋಡಿ ಬರೆಯದ ಎರಡು ಸಾಕ್ಷಿಗಳಾದರೂ ಇವೆಯೇ ಎಂಬುದು ಮುಖ್ಯ. ನಾಲ್ಕು ತಲೆಮಾರು ಗಟ್ಟಿಯಾಗಿ ದೊರೆತರೆ ಅದು ಹದಿನಾಲ್ಕು ತಲೆಮಾರಿನ ಕಟ್ಟುಕಥೆಗಿಂತ ಮೇಲು.

ಮೊದಲನೆಯ ಸಾಕ್ಷಿಯು ಮನೆಯ ಹಿರಿಯರ ನೆನಪು. ಅವರನ್ನು ಒಟ್ಟಿಗೆ ಕೂಡಿಸಿ ಕೇಳಬಾರದು. ಒಬ್ಬರು ಹೇಳಿದುದಕ್ಕೆ ಉಳಿದವರು ತಲೆದೂಗಿಬಿಡುವರು. ಬೇರೆ ಬೇರೆಯಾಗಿ ಕೇಳಿ, ಅವರ ಮಾತನ್ನು ತಿದ್ದದೆ, ಅವರ ನುಡಿಯಲ್ಲಿಯೇ ಬರೆದುಕೊಳ್ಳಬೇಕು. ಹಿರಿಯರು ಇಸವಿಯನ್ನು ಹೇಳಲಾರರು. ಆದರೆ ತಮ್ಮ ಅಜ್ಜಿಯಿಂದ ಕೇಳಿದ ಬರವನ್ನೂ ಬೇನೆಯನ್ನೂ ಹೇಳುವರು. ಧಾತು ಈಶ್ವರ ಸಂವತ್ಸರಗಳ ಬರವೆಂದರೆ 1876ರಿಂದ 1878ರ ವರೆಗಿನ ಘೋರಕ್ಷಾಮವು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಗುಡಿಸಲು ಹಾಕಿಕೊಂಡಿದ್ದರೆಂಬ ಮಾತು 1896ರ ಈಚಿನದು; ಏಕೆಂದರೆ ಆ ವರ್ಷ ಮುಂಬಯಿಗೆ ಬಂದ ಮಾರಿಯು ಆಮೇಲೆ ಒಳನಾಡಿಗೆ ಹಬ್ಬಿತು. ಒಂದೇ ಮನೆಯಿಂದ ಕೆಲವೇ ದಿನಗಳಲ್ಲಿ ಮೂವರು ನಾಲ್ವರು ಜ್ವರದಿಂದ ಲಿಂಗೈಕ್ಯರಾದರೆಂದರೆ 1918ರ ಇನ್‌ಫ್ಲುಯೆಂಜವಿರಬಹುದೆಂದು ಶಂಕಿಸಿ ಮುಂದುವರಿಯಬಹುದು.

ಎರಡನೆಯ ಸಾಕ್ಷಿಗಳು ಹೆಳವರು. ಉತ್ತರ ಕರ್ನಾಟಕದ ಭಕ್ತರಿಗೆ ಇವರ ಪರಿಚಯವನ್ನು ಹೇಳಬೇಕಾದುದಿಲ್ಲ. ಎತ್ತನ್ನೇರಿ, ಗಂಟೆಯನ್ನು ಬಾರಿಸುತ್ತ, ಕೆಲವು ವರ್ಷಗಳಿಗೊಮ್ಮೆ ಒಕ್ಕಲ ಮನೆಯ ಮುಂದೆ ಬಂದು ನಿಂತು, ಮನೆತನದ ಮೂಲಸ್ಥಾನ, ಬೆಡಗು, ಅಣ್ಣತಮ್ಮಂದಿರು ಅಗಲಿಹೋದ ಊರುಗಳು ಇವೆಲ್ಲವನ್ನೂ ಹಾಡಿದಂತೆ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಬರೆದುಕೊಂಡು, ಕಾಳು ಬಟ್ಟೆಗಳನ್ನು ಪಡೆದು ಹೋಗುವುದು ಇವರ ಪರಂಪರೆ. ಓಲೆಗಳಲ್ಲಿಯೂ ತಾಮ್ರಪಟಗಳಲ್ಲಿಯೂ ಇದ್ದುದು ಆಮೇಲೆ ಕಾಗದದ ಹೊತ್ತಿಗೆಗೆ ಇಳಿದಿದೆ. ಇವರ ಮಕ್ಕಳಲ್ಲಿ ಅನೇಕರು ಬೇರೆ ಉದ್ಯೋಗಗಳನ್ನು ಹಿಡಿದಿರುವರು. ಹೊತ್ತಿಗೆಯು ಇದ್ದರೂ ಅದನ್ನು ಓದಿ ಬಿಡಿಸಿ ಹೇಳಬಲ್ಲ ಮುದುಕನು ತೀರಿದ ಮೇಲೆ ಅದು ಮೂಕವಾಗುವುದು. ಆದುದರಿಂದ ಹೆಳವನು ಬಾಗಿಲಿಗೆ ಬಂದಾಗ ಭಿಕ್ಷುಕನೆಂದು ಬಗೆದು ಬೇಗನೆ ಸಾಗಹಾಕುವುದು ತನ್ನ ಮನೆಯ ದಫ್ತರವನ್ನು ತಾನೇ ಸುಟ್ಟಂತೆ. ಕೂಡಿಸಿ, ಉಣ್ಣಿಸಿ, ಪೂರ್ಣವಾಗಿ ಹೇಳಿಸಿ, ಬರೆದುಕೊಳ್ಳಬೇಕು.

ಆದರೆ ಹೆಳವನ ಮಾತನ್ನೂ ಪರೀಕ್ಷಿಸದೆ ಒಪ್ಪಲಾಗದು. ಉದಾಹರಣೆಗಾಗಿ ಒಂದು ಮನೆತನವನ್ನು ಕಲ್ಪಿಸಿಕೊಳ್ಳಬಹುದು. ಧಾತು ಸಂವತ್ಸರದಲ್ಲಿ ಹುಟ್ಟಿದ ಮಲ್ಲಪ್ಪನು ಕೆರೆಯ ಕೆಳಗಿನ ಹೊಲವನ್ನು ಕೊಂಡನೆಂದೂ ಅವನ ಮಗನು ಬಸಪ್ಪನೆಂದೂ ಹೆಳವನು ಹೇಳುವನು. ಮನೆಯವರು ಧಾತುವೆಂದರೆ 1876 ಎಂದು ಲೆಕ್ಕ ಹಾಕುವರು. ಪೆಟ್ಟಿಗೆಯಲ್ಲಿದ್ದ ಕ್ರಯಪತ್ರವನ್ನು ತೆಗೆದು ನೋಡಿದರೆ ಅದರಲ್ಲಿ ಶಕ 1765, ಶೋಭಕೃತು ಸಂವತ್ಸರ ಎಂದಿದೆ. ಶಕವರ್ಷಕ್ಕೆ 78 ಕೂಡಿಸಿದರೆ 1843 ಆಗುವುದು. 1876ರಲ್ಲಿ ಹುಟ್ಟಿದವನು 1843ರಲ್ಲಿ ಹೊಲವನ್ನು ಕೊಳ್ಳುವುದೆಂತು? ಸಂವತ್ಸರಚಕ್ರವು ಅರುವತ್ತು ವರ್ಷಗಳಿಗೊಮ್ಮೆ ತಿರುಗಿ ಬರುವುದೆಂಬುದನ್ನು ನೆನೆದರೆ ಗಂಟು ಬಿಚ್ಚುವುದು. 1816 ಕೂಡ ಧಾತುವೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಮನೆಯಲ್ಲಿ ಇಬ್ಬರು ಮಲ್ಲಪ್ಪಂದಿರಿದ್ದರು. ಇಬ್ಬರೂ ಧಾತುವಿನಲ್ಲಿಯೇ ಹುಟ್ಟಿದ್ದರು. ಹೇಳುತ್ತ ಹೇಳುತ್ತ ಇಬ್ಬರೂ ಒಬ್ಬನೇ ಆದರು. ಹೊಲವನ್ನು ಕೊಂಡವನು ಇಪ್ಪತ್ತೇಳು ವರ್ಷದ ಅಜ್ಜ. ಈ ಒಂದು ಕಾಗದವಿಲ್ಲದಿದ್ದರೆ ಎರಡು ತಲೆಮಾರುಗಳೇ ಮಾಯವಾಗುತ್ತಿದ್ದವು. ಶಕವರ್ಷವು ಚೈತ್ರದಲ್ಲಿ ಮೊದಲಾಗುವುದರಿಂದ ಪುಷ್ಯ, ಮಾಘ, ಫಾಲ್ಗುಣಗಳ ತಿಥಿಗೆ ಇಸವಿಯು ಮುಂದಿನದಾಗಬಹುದೆಂಬುದನ್ನೂ ಮರೆಯಬಾರದು.

ಸರಕಾರದ ಕಾಗದಗಳಲ್ಲಿಯೂ ಬೇಕಾದಷ್ಟು ಸಾಮಗ್ರಿಯಿದೆ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ 1852ರ ಕಾಯಿದೆಯಂತೆ ಇನಾಮುಗಳ ವಿಚಾರಣೆ ನಡೆಯಿತು. 1874ರ ಕಾಯಿದೆಯು ಗೌಡಿಕೆ, ಕುಲಕರ್ಣಿಕೆ ಮೊದಲಾದ ವತನಗಳ ವಾರಸಿಕೆಯನ್ನು ನಿಯಮಕ್ಕೊಳಪಡಿಸಿತು. ಗ್ರಾಮಾಧಿಕಾರದ ವತನಗಳು 1961ರ ಕಾಯಿದೆಯಿಂದ ರದ್ದಾದರೂ ಆ ನಿಮಿತ್ತವಾಗಿ ಹುಟ್ಟಿದ ವಂಶಾವಳಿಯ ಕಾಗದಗಳು ಹಳೆಯ ದಫ್ತರಗಳಲ್ಲಿಯೂ ಮನೆಗಳ ಪೆಟ್ಟಿಗೆಗಳಲ್ಲಿಯೂ ಉಳಿದಿವೆ. ಹಳೆಯ ಲೇಖಗಳಲ್ಲಿ ಅನೇಕವು ಮೋಡಿ ಲಿಪಿಯಲ್ಲಿರುವುದರಿಂದ ಒಂದು ಮನೆಗೆ ಒಬ್ಬ ತರುಣನಾದರೂ ಆ ಲಿಪಿಯನ್ನು ಕಲಿಯುವುದು ಲೇಸು. ಇಲ್ಲಿಯೂ ಎಚ್ಚರವು ಬೇಕು. ವತನದ ವಂಶಾವಳಿಯನ್ನು ಬರೆಯಿಸಿದವನು ಪಾಲಿಗೆ ಬರಬಹುದಾದ ಭಾವುಬಂದನನ್ನು ಬಿಟ್ಟಿರಬಹುದು. ದತ್ತಕನನ್ನು ಔರಸನೆಂದು ಹೇಳಿರಬಹುದು. ಇದರಿಂದ ಯಾರಿಗೆ ಲಾಭವಾಯಿತೆಂದು ಪ್ರತಿಯೊಂದು ಕಾಗದವನ್ನೂ ಕೇಳತಕ್ಕದ್ದು. ಶಾಲೆಯ ದಾಖಲೆಯು ತಂದೆಯ ಹೆಸರಿಗೆ ಒಳ್ಳೆಯ ಸಾಕ್ಷಿ, ಜನ್ಮದಿನಕ್ಕೆ ದುರ್ಬಲ ಸಾಕ್ಷಿ. ಎಷ್ಟೋ ಮಕ್ಕಳನ್ನು ಮಾಸ್ತರರು ಜೂನ್ ಒಂದನೆಯ ತಾರೀಖಿನಲ್ಲಿಯೇ ಹುಟ್ಟಿಸಿರುವರು!

ಕಾಗದವಿಲ್ಲದ ಬಡವರ ಮನೆಗಳಿಗೆ ದಾರಿಯಿಲ್ಲವೆಂದು ತಿಳಿಯಬಾರದು. ಮನೆದೇವರು ಗೊಡಚಿಯ ವೀರಭದ್ರನೋ, ಉಳವಿಯ ಚೆನ್ನಬಸವಣ್ಣನೋ, ಕೊಟ್ಟೂರ ಬಸವೇಶ್ವರನೋ ಎಂಬುದು ಹಿರಿಯರು ಬಂದ ಸೀಮೆಯನ್ನು ಕೆಲವೊಮ್ಮೆ ತೋರುವುದು. ದೀಕ್ಷೆಯನ್ನು ಕೊಡುತ್ತ ಬಂದ ಗುರುಮನೆ ಯಾವುದು, ಹೊಲದ ಯಾವ ಮೂಲೆಯಲ್ಲಿ ಹಿರಿಯರ ಸಮಾಧಿಗಳಿವೆ, ಅವುಗಳಿಗೆ ಹಬ್ಬದ ದಿನ ಎಡೆಯನ್ನು ತರುವ ಬೇರೆ ಮನೆಗಳಾವುವು, ಇವೆಲ್ಲವೂ ಓದಬಲ್ಲವನಿಗೆ ಅಕ್ಷರಗಳೇ. ಮಠಗಳ ಕಡತಗಳಲ್ಲಿ ಕಾಣಿಕೆಯನ್ನಿತ್ತ ಒಕ್ಕಲುಗಳ ಹೆಸರು ದೊರೆಯಬಹುದು. ಕಡತವೆಂದರೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪುಮಾಡಿದ ಬಟ್ಟೆಯ ಮಡಿಕೆ. ಅದರ ಮೇಲೆ ಬಳಪದಿಂದ ಬರೆದುದು ಕೈ ತಗುಲಿದರೆ ಅಳಿಸಿಹೋಗುವುದು. ಆದುದರಿಂದ ಭಕ್ತಿಯಿಂದ ಸವರುವ ಕೈಯೇ ಅದಕ್ಕೆ ಶತ್ರು.

ಹೆಂಗಸರ ವಿಷಯವನ್ನು ಹೇಳದಿದ್ದರೆ ಈ ಮಾತು ಕುಂಟಾಗುವುದು. ಹೆಳವನ ಹೊತ್ತಿಗೆಯೂ ವತನದ ಕಾಗದವೂ ಗಂಡುಮಕ್ಕಳ ಸಾಲನ್ನೇ ಹಿಡಿದು ನಡೆಯುವವು. ತಾಯಂದಿರು ಅಲ್ಲಿ ಹೆಸರಿಲ್ಲದೆ ಬಂದು ಹೆಸರಿಲ್ಲದೆ ಹೋಗುವರು. ಮದುವೆಯಲ್ಲಿ ಹೆಸರನ್ನು ಬದಲಿಸಿದ್ದರೆ ತವರಿನ ಹೆಸರೂ ಗಂಡನ ಮನೆಯ ಹೆಸರೂ ಒಬ್ಬಳವೇ ಎಂದು ಹೇಳುವವರೂ ಇರುವುದಿಲ್ಲ. ಅಕ್ಕಮಹಾದೇವಿಯ ಹೆಸರನ್ನು ನಿತ್ಯವೂ ನೆನೆಯುವ ಸಮಾಜಕ್ಕೆ ಇದು ತಕ್ಕುದಲ್ಲ. ಸೋದರತ್ತೆಯನ್ನೂ ತಾಯಿಯ ತವರಿನವರನ್ನೂ ಮರೆಯದೆ ಕೇಳಬೇಕು. ಯಾವ ಊರಿನಿಂದ ಸೊಸೆಯನ್ನು ತಂದರು, ಯಾವ ಮನೆಗೆ ಮಗಳನ್ನು ಕೊಟ್ಟರು, ಯಾರು ಮನೆಯಳಿಯನಾಗಿ ನಿಂತರು ಎಂಬುದನ್ನು ಗಂಡಸರು ಮರೆತಿದ್ದರೂ ಅವರು ಮರೆತಿರುವುದಿಲ್ಲ.

ವಿಜಾಪುರದ ಫ. ಗು. ಹಳಕಟ್ಟಿಯವರು (1880–1964) ವಚನಗಳ ಓಲೆಗಳನ್ನು ಅರಸುತ್ತ ಊರೂರು ಅಲೆದರು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗಟ್ಟುಗಳು ಓದುವವರಿಲ್ಲದೆ ಹುಳುಗಳಿಗೆ ಆಹಾರವಾಗುತ್ತಿದ್ದ ಕಾಲವದು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಹೊರಬಂದಿತು, ಪೂಜೆಯ ವಸ್ತುವು ಓದುವ ವಸ್ತುವಾಯಿತು. ಮನೆತನದ ಕಾಗದಗಳಿಗೂ ಅಂತಹ ಬಿಡುಗಡೆ ಬೇಕಾಗಿದೆ. ಮುಂದಿನ ಜಾತ್ರೆಗೆ ಬರುವ ಭಕ್ತರು ತಮ್ಮ ಮನೆಯ ಒಂದೊಂದು ಹಳೆಯ ಪತ್ರವನ್ನು ತಂದು, ಶ್ರೀಮಠದಲ್ಲಿ ಓದಿಸಿ, ಅದರ ಛಾಯಾಪ್ರತಿಯೊಂದನ್ನು ಮಠದ ಗ್ರಂಥಭಂಡಾರದಲ್ಲಿರಿಸಿ, ಮೂಲವನ್ನು ಮನೆಗೆ ಒಯ್ಯಬಹುದು. ಸೀಮೆಯ ಹೆಳವರನ್ನು ಆ ದಿನಗಳಲ್ಲಿಯೇ ಕರೆಯಿಸಿ, ಅವರ ಊಟ ವಸತಿಗಳನ್ನು ದಾಸೋಹದಲ್ಲಿ ನೋಡಿಕೊಂಡರೆ, ಓಲೆಯೂ ಬಾಯಿಯೂ ಒಂದೆಡೆಯಲ್ಲಿ ಕೂಡುವುವು.