ನಮ್ಮ ಹೊಲದ ತರಕಾರಿ ನಮ್ಮೂರ ಒಲೆಗೂ ಬರಲಿ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾನು ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಭಾಷಣ ಮಾಡಿ ರೂಢಿ ಇಲ್ಲ. ಸಂಘದ 25 ವರ್ಷದ ಸಾಲ, ಗೊಬ್ಬರ, ಷೇರಿನ ಲೆಕ್ಕವನ್ನು ಕಾರ್ಯದರ್ಶಿಗಳು ಓದಿದ್ದಾರೆ. ಆ ಲೆಕ್ಕದೊಳಗೆ ಬಾರದ ಒಂದು ವಿಷಯ ಹೇಳಿ ಕೂತ್ಕೊಳ್ತೀನಿ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಮಳೆಗೆ ಬಡವರ ಸೀಮೆ. ನಮ್ಮ ಅಪ್ಪಂದಿರ ಕಾಲಕ್ಕೆ ಶೇಂಗಾ, ನವಣೆ, ಸಜ್ಜೆ, ಹುರುಳಿ ಇಷ್ಟೇ. ಶೇಂಗಾದಿಂದಲೇ ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂತು. ಬಡತನವಿತ್ತು, ಆದರೆ ಕಣದಲ್ಲಿ ರಾಶಿ ಮಾಡಿದಾಗ ಆಯಗಾರರಿಗೆ ಆಯ ಕೊಡದೆ ಕಾಳು ಮನೆಗೆ ಹೋಗ್ತಿರಲಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲು ಆಯಲು ಯಾರು ಬಂದರೂ ಬೇಡ ಅಂತಿರಲಿಲ್ಲ. ಈಗ ಬೋರ್‌ವೆಲ್ ಬಂದು ಟೊಮೆಟೊ, ಈರುಳ್ಳಿ ಬೆಳೀತೀವಿ. ಲಾರಿ ಹೊಲದ ಬದಿಗೇ ಬಂದು ತುಂಬಿಕೊಂಡು ಹೋಗುತ್ತೆ. ತರಕಾರಿ ಬೆಳೆಯುವ ಊರಿನಲ್ಲೇ ಕೂಲಿಯವರು ತರಕಾರಿಗೆ ವಾರದ ಸಂತೆ ಕಾಯಬೇಕು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಅಕ್ಕಿಗೆ ತೊಂದರೆ ಇಲ್ಲ. ಅನ್ನ ಇದೆ, ಆದರೆ ಸಾರಿಗೆ ಹಾಕಲು ಸೊಪ್ಪು, ಕಾಯಿ ಇಲ್ಲ. ನಮ್ಮ ಬಸುರಿ ಬಾಣಂತಿಯರಿಗೆ ರಕ್ತ ಕಡಿಮೆ ಅಂತ ಆಶಾ ಕಾರ್ಯಕರ್ತೆಯರು ಸುಮ್ಮನೆ ಹೇಳ್ತಿಲ್ಲ.

ಈಗ ನನ್ನ ತಪ್ಪನ್ನೇ ಹೇಳ್ತೀನಿ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ದೇಶಕ್ಕೆ ಬೀಗ ಬಿತ್ತಲ್ಲ, ಆಗ ನನ್ನ ಹೊಲದಲ್ಲಿ ಟೊಮೆಟೊ ಕೆಂಪಾಗಿ ನಿಂತಿತ್ತು. ಹೋಟೆಲು ಇಲ್ಲ, ಮದುವೆ ಇಲ್ಲ, ಕೊಳ್ಳುವವರಿಲ್ಲ. ಬಿಡಿಸಿದ ಕೂಲಿಯೂ ಹುಟ್ಟದು ಅಂತ ಹೊಲಕ್ಕೆ ದನ ಬಿಟ್ಟೆ. ಉಳಿದದ್ದನ್ನು ರಸ್ತೆ ಬದಿಗೆ ಸುರಿದು, ಬೇಕಾದವರು ತಗೊಳ್ಳಿ ಅಂದೆ. ದಾನ ಮಾಡಿದೆ ಅಂತ ಮನಸ್ಸಿಗೆ ಸಮಾಧಾನವೂ ಆಯ್ತು. ಆ ದಾರಿಯಲ್ಲಿ ಬಂದ ಒಬ್ಬ ಮುದುಕಮ್ಮ ನಿಂತು ನೋಡಿ, "ಯಪ್ಪಾ, ದನ ತಿಂದು ಬಿಟ್ಟಿದ್ದನ್ನ ನಾನು ಆಯ್ಕೋಬೇಕಾ? ಹಣ್ಣು ಗಟ್ಟಿ ಇದ್ದಾಗ ಒಂದು ಮಾತು ಕರೀಬಾರದಿತ್ತಾ?" ಅಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ನಾವು ಕೆಲವರು ಮಾತಾಡಿಕೊಂಡು ಸಂಘದ ಗೋದಾಮಿನ ಬಾಗಿಲು ತೆಗೆಸಿದೆವು. ಒಬ್ಬರು ಈರುಳ್ಳಿ, ಒಬ್ಬರು ಕುಂಬಳ, ಒಬ್ಬರು ಸೊಪ್ಪು ತಂದರು. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಕೊಳೆತದ್ದು ತೆಗೆದು ಆರಿಸಿದರು. ಗೊಬ್ಬರ ತೂಗುವ ತಕ್ಕಡಿಯನ್ನು ತೊಳೆದು ಅದರಲ್ಲೇ ತೂಗಿ, ಹುಡುಗರು ಮನೆಮನೆಗೆ ಮುಟ್ಟಿಸಿದರು. ಬೆಂಗಳೂರಿನಿಂದ ಕೆಲಸ ಬಿಟ್ಟು ಬಂದಿದ್ದ ನಮ್ಮವರಿಗೆ, ಮಗ್ಗ ನಿಲ್ಲಿಸಿ ಕೂತಿದ್ದ ಮೊಳಕಾಲ್ಮೂರಿನ ನೇಕಾರರ ಓಣಿಗೂ ಹೋಯ್ತು. ಅದೇ ದಿನಗಳಲ್ಲಿ ಸರ್ಕಾರ ಹಾಲು ಒಕ್ಕೂಟಗಳಲ್ಲಿ ಮಿಕ್ಕ ಹಾಲನ್ನು ಕೊಂಡು ಕೊಳಚೆ ಪ್ರದೇಶದ ಬಡವರಿಗೆ ಪುಕ್ಕಟೆ ಹಂಚಿತು. ಸಹಕಾರ ಸಂಘ ಇದ್ದುದರಿಂದ ಹಾಲು ಚರಂಡಿಗೆ ಹೋಗದೆ ಮಕ್ಕಳ ಬಾಯಿಗೆ ಹೋಯ್ತು.

ನಮ್ಮಲ್ಲೂ ತಪ್ಪಾಯ್ತು. ಒಬ್ಬ ಹುಡುಗ ಚೀಲ ಕೊಡುವಾಗ ಫೋಟೋ ತೆಗೆಯಲು ಹೋದ. ಆ ಮನೆಯ ಸೊಸೆ ಬಾಗಿಲು ಹಾಕಿಕೊಂಡಳು. ಇನ್ನೊಂದು ದೊಡ್ಡ ತಪ್ಪು, ಮಾರ್ಕೆಟ್ ತೆರೆದು ರೇಟು ಏರಿದ ದಿನವೇ ಗೋದಾಮಿನ ಬಾಗಿಲು ಮುಚ್ಚಿತು. ರೇಟು ಬಿದ್ದಾಗ ಮಾತ್ರ ಬರುವ ಧರ್ಮ ಧರ್ಮವಲ್ಲ ಸ್ವಾಮಿ, ಅದು ಹೊರೆ ಇಳಿಸುವುದು.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು "ಮಾಡಿದಷ್ಟು ನೀಡು ಭಿಕ್ಷೆ" ಅಂದವರು, ಕೆರೆ ಕಟ್ಟಿಸಿದವರು. ದುಡಿದವನಿಗೆ ಅವನ ಪಾಲು ಸಲ್ಲಬೇಕು ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ. ಟೊಮೆಟೊ ಬಿಡಿಸಿದ ಹೆಣ್ಣುಮಗಳು ಸಂಜೆ ಬರಿಗೈಲಿ ಮನೆಗೆ ಹೋದರೆ ಆ ಮಾತಿಗೆ ನಾವು ತಪ್ಪಿದ ಹಾಗೆ. ಇನ್ನು ದುಡಿಯಲಾಗದ ಮುದುಕರು, ಮಕ್ಕಳು ಇದ್ದಾರೆ. ಅವರ ಪಾಲು ಊರಿನ ಮೇಲಿದೆ.

1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಬೆಳೆದು ಹಾಪ್‌ಕಾಮ್ಸ್ ಆಯ್ತು, ಪಟ್ಟಣದ ಬೀದಿಬೀದಿಗೆ ತರಕಾರಿ ಮುಟ್ಟಿಸಿತು. ನಮಗೆ ಅಷ್ಟು ದೊಡ್ಡದು ಬೇಡ. ಬೆಳ್ಳಿಹಬ್ಬದ ನೆನಪಿಗೆ ಮೂರೇ ಕೆಲಸ ಮಾಡೋಣ.

ಒಂದು, ತರಕಾರಿ ಬೆಳೆಯುವ ಸದಸ್ಯರು ಕೊಯ್ಲಿನ ವಾರ ಮೊದಲ ಬಿಡಿಸಿನಲ್ಲೇ ಒಂದು ಪುಟ್ಟಿ ಸಂಘಕ್ಕೆ ಕೊಡುವುದು. ರೇಟು ಎಷ್ಟಿದ್ದರೂ ಸರಿ. ಎರಡು, ಅದು ಮೊದಲು ಶಾಲೆಯ ಬಿಸಿಯೂಟಕ್ಕೆ, ಅಂಗನವಾಡಿಗೆ, ಆಮೇಲೆ ಒಂಟಿ ಮುದುಕರ ಮನೆಗೆ. ಫೋಟೋ ಬೇಡ, ಹೆಸರು ಕೂಗುವುದು ಬೇಡ. ಮೂರು, ಬೋರ್‌ವೆಲ್ ಇರುವವರು ಬದುವಿನಲ್ಲಿ ನಾಲ್ಕು ನುಗ್ಗೆ ಗಿಡ ಹಾಕಿ, ಸೊಪ್ಪು ಕೇಳಿದವರಿಗೆ ಇಲ್ಲ ಅನ್ನದಿರುವುದು.

ನಮ್ಮ ಸಂಘ ಲಾಭದಲ್ಲಿ ನೂರಕ್ಕೆ 25 ಭಾಗವನ್ನು ಆಪದ್ಧನ ನಿಧಿಗೆ ಇಡುತ್ತೆ. ಕಷ್ಟ ಬರುವ ಮುಂಚೆ ಇಡುವುದರಿಂದಲೇ ಅದಕ್ಕೆ ಆ ಹೆಸರು. ಈ ಪುಟ್ಟಿಯೂ ಹಾಗೆಯೇ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಹರಕೆ ಅಂತ ಈರುಳ್ಳಿ ತೂರುತ್ತೀವಿ. ರೇಟು ಹೆಚ್ಚಾಯ್ತು ಅಂತ ಯಾರೂ ಹರಕೆ ಬಿಡೋದಿಲ್ಲ. ಊರಿನ ಒಲೆಗೂ ಅಷ್ಟೇ ಭಕ್ತಿ ಇರಲಿ.

ಮುಂದಿನ ವಾರ ನನ್ನ ಬದನೆ ಕೊಯ್ಲು. ಮೊದಲ ಪುಟ್ಟಿ ನಂದೇ ಬರುತ್ತೆ. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜೈ ಸಹಕಾರ.